ಆಬ್ಜೆಕ್ಟ್ ರಚನೆ ಮತ್ತು ಆರಂಭಿಕ ಬೆಲೆಗಳು

ಆಬ್ಜೆಕ್ಟ್ ಆಧಾರಿತ ಪ್ರೋಗ್ರಾಮಿಂಗ್‌ನಲ್ಲಿ ಹೊಸ ಆಬ್ಜೆಕ್ಟ್ ಹುಟ್ಟುವಾಗ ಅದರ ಪ್ರಾಪರ್ಟಿಗಳಿಗೆ ಮೊದಲ ಬೆಲೆ ಕೊಡುವ ಕ್ರಮಕ್ಕೆ ಇನಿಷಿಯಲೈಸೇಷನ್ ಎಂದು ಹೆಸರು. ಬ್ಯಾಂಕಿನ ತಂತ್ರಾಂಶವೊಂದರಲ್ಲಿ ‘ಖಾತೆ’ ಎಂಬ ಕ್ಲಾಸ್ ಇದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಸಂಖ್ಯೆ, ಹೆಸರು, ಶಿಲ್ಕು ಎಂಬ ಮೂರು ಪ್ರಾಪರ್ಟಿಗಳು. ಹೊಸ ಖಾತೆ ಬೇಕೆಂದು ಕೋಡ್ ಕೇಳಿದೊಡನೆ ಎರಡು ಕೆಲಸ ನಡೆಯುತ್ತವೆ: ಮೂರೂ ಬೆಲೆಗಳು ಹಿಡಿಸುವಷ್ಟು ಮೆಮೊರಿಯನ್ನು ಕಾದಿರಿಸುವುದು, ಆಮೇಲೆ ಅದರಲ್ಲಿ ಬೆಲೆಗಳನ್ನು ತುಂಬುವುದು. ಮೊದಲನೆಯದರ ಬಗ್ಗೆ ಹೆಚ್ಚು ತಕರಾರಿಲ್ಲ. ಎರಡನೆಯದನ್ನು ಯಾರು, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂಬ ವಿಷಯದಲ್ಲಿ ಭಾಷೆಗಳನ್ನು ರೂಪಿಸಿದವರು 1960ರ ದಶಕದಿಂದ ಇಂದಿನವರೆಗೂ ಒಮ್ಮತಕ್ಕೆ ಬಂದಿಲ್ಲ.

ಈ ಎರಡು ಕೆಲಸಗಳ ನಡುವಿನ ಕಿರು ಅವಧಿಯಲ್ಲಿ ಖಾತೆ ಇರುತ್ತದೆ, ಆದರೆ ಅದಕ್ಕೆ ಸಂಖ್ಯೆಯಿಲ್ಲ, ಒಡೆಯರಿಲ್ಲ. ಹಾಗೆ ಅರೆ ತಯಾರಾದ ಆಬ್ಜೆಕ್ಟ್ ಬೇರೆ ಕೋಡಿನ ಕೈಗೆ ಸಿಕ್ಕರೆ ಬರುವ ದೋಷಗಳನ್ನು ಪತ್ತೆ ಹಚ್ಚುವುದು ಕಷ್ಟ. ಬೆಲೆ ಬಿಟ್ಟುಹೋದದ್ದು ಒಂದು ಕಡೆ, ಪ್ರೋಗ್ರಾಂ ಕುಸಿಯುವುದು ಇನ್ನೊಂದು ಕಡೆ. ಕನ್‌ಸ್ಟ್ರಕ್ಟರ್, ಬಿಲ್ಡರ್, ಆಬ್ಜೆಕ್ಟ್ ಇನಿಷಿಯಲೈಸರ್, ರೆಕಾರ್ಡ್ ಎಂದೆಲ್ಲ ಹೆಸರು ಹೊತ್ತು ಬಂದ ಸೌಲಭ್ಯಗಳು ಒಂದೋ ಆ ಅವಧಿಯನ್ನು ಮುಚ್ಚುತ್ತವೆ, ಇಲ್ಲವೇ ಬರೆಯುವವರ ಅನುಕೂಲಕ್ಕಾಗಿ ಅದನ್ನು ತೆರೆದಿಡುತ್ತವೆ. ಎರಡನ್ನೂ ಒಟ್ಟಿಗೆ ಸಾಧಿಸುವ ಭಾಷೆಗಳು ಮೊದಲಿನಿಂದಲೂ ಕಡಿಮೆ.

ಸಿಮುಲಾ, ಸ್ಮಾಲ್‌ಟಾಕ್, ಸಿ++

ಕ್ಲಾಸ್ ಎಂಬ ಕಲ್ಪನೆ ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಆಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67ರಲ್ಲಿ. ಅಲ್ಲಿ ಕನ್‌ಸ್ಟ್ರಕ್ಟರ್ ಎಂದು ಆರಂಭದ ಕೆಲಸಕ್ಕೆ ಪ್ರತ್ಯೇಕ ಭಾಗವೇ ಇರಲಿಲ್ಲ. ಕ್ಲಾಸ್ ತಾನೇ ಪ್ಯಾರಾಮೀಟರುಗಳನ್ನು ತೆಗೆದುಕೊಳ್ಳುತ್ತಿತ್ತು. ಆಬ್ಜೆಕ್ಟ್ ಹುಟ್ಟಿದಾಗ ಕ್ಲಾಸಿನ ಒಡಲಿನಲ್ಲಿ ಬರೆದ ಆಜ್ಞೆಗಳೆಲ್ಲ ಮೇಲಿನಿಂದ ಕೆಳಗೆ ನಡೆಯುತ್ತಿದ್ದವು. ಒಂದು ಕ್ಲಾಸ್ ಇನ್ನೊಂದರಿಂದ ಬಂದಿದ್ದರೆ ಮೂಲ ಕ್ಲಾಸಿನ ಒಡಲು ಮೊದಲು, ಮರಿ ಕ್ಲಾಸಿನದು ಆಮೇಲೆ. ದಶಕಗಳ ನಂತರ ಸ್ಕಾಲಾ ಮತ್ತು ಕಾಟ್ಲಿನ್ ‘ಪ್ರೈಮರಿ ಕನ್‌ಸ್ಟ್ರಕ್ಟರ್’ ಎಂದು ತಂದದ್ದು ಹೆಚ್ಚು ಕಡಿಮೆ ಇದನ್ನೇ: ಕ್ಲಾಸಿನ ಹೆಸರಿನ ಪಕ್ಕದಲ್ಲೇ ಪ್ಯಾರಾಮೀಟರುಗಳು, ಒಡಲಿನಲ್ಲೇ ಆರಂಭದ ಕೆಲಸ.

ಕ್ಸೆರಾಕ್ಸ್ ಪಾರ್ಕ್‌ನಲ್ಲಿ ಬೆಳೆದ ಸ್ಮಾಲ್‌ಟಾಕ್ ಬೇರೆ ದಾರಿ ಹಿಡಿಯಿತು. ಅಲ್ಲಿ ಕ್ಲಾಸ್ ಕೂಡ ಒಂದು ಆಬ್ಜೆಕ್ಟ್. ಹೊಸದನ್ನು ಮಾಡಿಕೊಡು ಎಂದು ಅದಕ್ಕೆ ಸಂದೇಶ ಕಳಿಸಬೇಕು. ಸ್ಮಾಲ್‌ಟಾಕ್-80ರಲ್ಲಿ ‘ನ್ಯೂ’ ಎಂಬ ಸಂದೇಶ ಮೆಮೊರಿ ಕೊಟ್ಟು ಸುಮ್ಮನಾಗುತ್ತಿತ್ತು, ಪ್ರಾಪರ್ಟಿಗಳೆಲ್ಲ ‘ನಿಲ್’ ಆಗಿರುತ್ತಿದ್ದವು. ಬೆಲೆ ತುಂಬುವ ಸಂದೇಶಗಳನ್ನು ಕ್ಲಾಸ್ ಬರೆದವರೇ ಒದಗಿಸಬೇಕು. ಆದರೆ ಸ್ಮಾಲ್‌ಟಾಕ್ ಸಂದೇಶಗಳಲ್ಲಿ ಪ್ರತಿ ಬೆಲೆಯ ಹಿಂದೆಯೂ ಒಂದು ಹೆಸರು ಇರುತ್ತದೆ: ಬಿಂದುವೊಂದನ್ನು ಮಾಡುವಾಗ ‘ಎಕ್ಸ್: 3 ವೈ: 4’ ಎಂದು ಹೇಳಬಹುದು. ಓದುವವರಿಗೆ ಯಾವ ಅಂಕಿ ಯಾವುದರದ್ದು ಎಂಬ ಅನುಮಾನ ಬರುವುದಿಲ್ಲ. ಮುಂದೆ ಬಂದ ಎಷ್ಟೋ ಭಾಷೆಗಳು ಈ ಸುಖವನ್ನು ಕಳೆದುಕೊಂಡು, ಬಹಳ ವರ್ಷಗಳ ಮೇಲೆ ಮತ್ತೆ ಹುಡುಕಿಕೊಂಡು ಹೋದವು.

ಕನ್‌ಸ್ಟ್ರಕ್ಟರ್ ಎಂಬ ರೂಪ ಗಟ್ಟಿಯಾದದ್ದು ಬಿಯಾರ್ನ್ ಸ್ಟ್ರೌಸ್ಟ್ರಪ್ ಅವರ ಕೈಯಲ್ಲಿ. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅವರು ಶುರುಮಾಡಿದ ‘ಸಿ ವಿತ್ ಕ್ಲಾಸಸ್’ನಲ್ಲೇ ಅದು ಇತ್ತು, ಆಗ ಅದರ ಹೆಸರು ‘ನ್ಯೂ’ ಫಂಕ್ಷನ್. ಸಿ++ ಆಗುವ ಹೊತ್ತಿಗೆ ಕ್ಲಾಸಿನ ಹೆಸರನ್ನೇ ಕನ್‌ಸ್ಟ್ರಕ್ಟರಿಗೂ ಇಡುವ ರೂಢಿ ಬಂತು, ಜಾವಾ ಮತ್ತು ಸಿ ಶಾರ್ಪ್ ಅದನ್ನು ಹಾಗೆಯೇ ಎತ್ತಿಕೊಂಡವು. ಕ್ಲಾಸಿನಲ್ಲಿ ಕನ್‌ಸ್ಟ್ರಕ್ಟರ್ ಬರೆದಿದ್ದರೆ ಅದನ್ನು ದಾಟದೆ ಆಬ್ಜೆಕ್ಟ್ ಮಾಡಲು ಬರುವುದಿಲ್ಲ ಎನ್ನುವುದು ಇದರ ಮುಖ್ಯ ಭರವಸೆ. ಆ ಭರವಸೆಗೆ ಸಿದ್ಧಾಂತದ ಬೆನ್ನೆಲುಬು ಕೊಟ್ಟವರು ಬರ್ಟ್ರಾಂಡ್ ಮೆಯರ್. ಅವರ ಐಫೆಲ್ ಭಾಷೆಯಲ್ಲಿ ಪ್ರತಿ ಕ್ಲಾಸಿಗೂ ‘ಇನ್‌ವೇರಿಯಂಟ್’ ಎಂಬ ಷರತ್ತು ಬರೆಯಬಹುದು. ಖಾತೆಯ ಶಿಲ್ಕು ಸೊನ್ನೆಗಿಂತ ಕಡಿಮೆ ಇರಕೂಡದು ಎಂಬುದು ಅಂಥ ಒಂದು ಷರತ್ತು. ಆಬ್ಜೆಕ್ಟ್ ಸೃಷ್ಟಿಸುವ ವಿಧಾನ ಮುಗಿಯುವ ಹೊತ್ತಿಗೆ ಆ ಷರತ್ತು ಈಡೇರಿರಲೇಬೇಕು. ಕನ್‌ಸ್ಟ್ರಕ್ಟರ್ ಇರುವುದು ಬೆಲೆ ತುಂಬುವುದಕ್ಕಲ್ಲ, ಷರತ್ತನ್ನು ಸ್ಥಾಪಿಸುವುದಕ್ಕೆ ಎಂಬ ಈ ದೃಷ್ಟಿಯೇ ಇಡೀ ವಿಷಯಕ್ಕೆ ಸಿಕ್ಕಿರುವ ಅತ್ಯುತ್ತಮ ವಿವರಣೆ ಎನ್ನಬೇಕು.

ಆಬ್ಜೆಕ್ಟಿವ್-ಸಿಯಲ್ಲಿ ಎರಡೂ ಕೆಲಸಗಳು ಕಣ್ಣಿಗೆ ಕಾಣುವಂತೆ ಬೇರೆ ಬೇರೆ: ‘ಆಲಕ್’ ಮೆಮೊರಿ ಕೊಟ್ಟು ಸೊನ್ನೆ ತುಂಬುತ್ತದೆ, ‘ಇನಿಟ್’ ಬೆಲೆ ಹಾಕುತ್ತದೆ. ರೂಬಿಯಲ್ಲೂ ‘ನ್ಯೂ’ ಒಳಗೊಳಗೆ ‘ಆಲಕೇಟ್’ ಮತ್ತು ‘ಇನಿಷಿಯಲೈಸ್’ ಎರಡನ್ನೂ ಕರೆಯುತ್ತದೆ. ಇನ್ನು ಡೇವಿಡ್ ಉಂಗಾರ್ ಮತ್ತು ರಾಂಡಲ್ ಸ್ಮಿತ್ ರೂಪಿಸಿದ ಸೆಲ್ಫ್ ಭಾಷೆಯಲ್ಲಿ ಕ್ಲಾಸೇ ಇಲ್ಲ. ಇರುವ ಆಬ್ಜೆಕ್ಟೊಂದನ್ನು ನಕಲು ಮಾಡಿಕೊಂಡರೆ ಬೆಲೆಗಳೂ ಜೊತೆಗೇ ಬರುತ್ತವೆ.

ಬೆಲೆ ಕೊಡದಿದ್ದರೆ

ಸಿ++ನಲ್ಲಿ ಪೂರ್ಣಾಂಕದಂಥ ಮೂಲ ಪ್ರಕಾರದ ಸದಸ್ಯಕ್ಕೆ ಬೆಲೆ ಹಾಕದೆ ಬಿಟ್ಟರೆ ಆ ಮೆಮೊರಿಯಲ್ಲಿ ಹಿಂದೆ ಏನಿತ್ತೋ ಅದೇ ಉಳಿಯಬಹುದು. ಕಾಲೇಜಿನ ಲ್ಯಾಬುಗಳಲ್ಲಿ ಎಲ್ಲರೂ ಇದನ್ನು ‘ಗಾರ್ಬೇಜ್ ವ್ಯಾಲ್ಯೂ’ ಎನ್ನುತ್ತಾರೆ. ವೇಗಕ್ಕಾಗಿ ಸಿ ಭಾಷೆ ಮಾಡಿದ ಆಯ್ಕೆ ಇದು, ಸಿ++ ಅದನ್ನು ಬಳುವಳಿಯಾಗಿ ಪಡೆಯಿತು. ಜಾವಾ ಆ ದಾರಿಗೆ ಹೋಗಲಿಲ್ಲ: ಆಬ್ಜೆಕ್ಟಿನ ಮೆಮೊರಿಯನ್ನು ಮೊದಲು ಒರೆಸಿ, ಸಂಖ್ಯೆಗಳಿಗೆ ಸೊನ್ನೆ, ತಾರ್ಕಿಕ ಬೆಲೆಗೆ ‘ಫಾಲ್ಸ್’, ಬೇರೆ ಆಬ್ಜೆಕ್ಟನ್ನು ತೋರಿಸುವ ಪ್ರಾಪರ್ಟಿಗೆ ‘ನಲ್’ ಇಡುತ್ತದೆ. ಸೊನ್ನೆ ಹಲವು ಸಲ ಸರಿಯಾದ ಬೆಲೆಯೇ ಆಗಿರುತ್ತದೆ. ‘ನಲ್’ ಹಾಗಲ್ಲ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ಎಂಬ ತೋರುಕವನ್ನು ಸೇರಿಸಿದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರ್ ತಪ್ಪು ಎಂದು ಕರೆದರು.

2009ರಲ್ಲಿ ಗೂಗಲ್ ಹೊರತಂದ ಗೋ ಭಾಷೆ ಇದೇ ವಿಚಾರವನ್ನು ತಲೆಕೆಳಗು ಮಾಡಿತು. ಅಲ್ಲಿ ಕನ್‌ಸ್ಟ್ರಕ್ಟರ್ ಎಂಬುದು ಭಾಷೆಯ ಭಾಗವೇ ಅಲ್ಲ. ಸೊನ್ನೆ ತುಂಬಿದ ಸ್ಥಿತಿಯೇ ಬಳಕೆಗೆ ಯೋಗ್ಯವಾಗಿರುವಂತೆ ಪ್ರಕಾರಗಳನ್ನು ವಿನ್ಯಾಸ ಮಾಡಿ ಎಂದು ಅದು ಹೇಳುತ್ತದೆ. ಗೋದ ಬೀಗ, ಅಂದರೆ ಮ್ಯೂಟೆಕ್ಸ್, ಹಾಗೆಯೇ ಇದೆ: ಘೋಷಿಸಿದರೆ ಸಾಕು, ಬಳಸಬಹುದು. ಬೀಗಕ್ಕೆ ಇದು ಚೆಂದ. ಖಾತೆಗೆ? ಸಂಖ್ಯೆ ಸೊನ್ನೆ, ಹೆಸರು ಖಾಲಿ ಇರುವ ಖಾತೆಯಿಂದ ಬ್ಯಾಂಕಿಗೆ ಉಪಯೋಗವಿಲ್ಲ. ರಸ್ಟ್ ಇನ್ನೊಂದು ತುದಿಯಲ್ಲಿ ನಿಂತಿದೆ: ಸ್ಟ್ರಕ್ಟ್ ಒಂದನ್ನು ಕಟ್ಟುವಾಗ ಪ್ರತಿ ಪ್ರಾಪರ್ಟಿಗೂ ಹೆಸರು ಹೇಳಿ ಬೆಲೆ ಕೊಡಬೇಕು, ಇಲ್ಲವೇ ಉಳಿದವನ್ನು ಇನ್ನೊಂದು ಸ್ಟ್ರಕ್ಟಿನಿಂದ ತೆಗೆದುಕೊ ಎಂದು ಬಾಯಿಬಿಟ್ಟು ಹೇಳಬೇಕು. ಒಂದನ್ನು ಬಿಟ್ಟರೂ ಕಂಪೈಲ್ ಆಗುವುದಿಲ್ಲ.

ಒಂದೇ ಕೋಡ್, ನಾಲ್ಕು ಉತ್ತರ

ಆನುವಂಶಿಕತೆ, ಅಂದರೆ ಇನ್‌ಹೆರಿಟೆನ್ಸ್, ಬಂದೊಡನೆ ಬೆಲೆ ತುಂಬುವ ಕ್ರಮ ಸಿಕ್ಕಾಗುತ್ತದೆ. ಖಾತೆ ಎಂಬ ಮೂಲ ಕ್ಲಾಸಿನಿಂದ ‘ಉಳಿತಾಯ ಖಾತೆ’ ಎಂಬ ಮರಿ ಕ್ಲಾಸ್ ಬಂದಿದೆ, ಅದಕ್ಕೆ ‘ಬಡ್ಡಿದರ’ ಎಂಬ ಇನ್ನೊಂದು ಪ್ರಾಪರ್ಟಿ, ಘೋಷಣೆಯ ಸಾಲಿನಲ್ಲೇ 4 ಎಂದು ಬೆಲೆ. ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ತನ್ನ ಕೊನೆಯಲ್ಲಿ ‘ವಿವರ’ ಎಂಬ ಮೆಥಡನ್ನು ಕರೆಯುತ್ತದೆ. ಮರಿ ಕ್ಲಾಸ್ ಆ ಮೆಥಡನ್ನು ಹೊಸದಾಗಿ ಬರೆದು ಬಡ್ಡಿದರವನ್ನು ಮುದ್ರಿಸುತ್ತದೆ. ಈಗ ಒಂದು ಉಳಿತಾಯ ಖಾತೆ ಮಾಡಿದರೆ ಏನು ಮುದ್ರಣವಾದೀತು?

ಜಾವಾದಲ್ಲಿ 0. ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ಪೂರ್ತಿ ಮುಗಿದ ಮೇಲೆಯೇ ಮರಿ ಕ್ಲಾಸಿನ ಘೋಷಣೆಯ ಬೆಲೆಗಳು ಕೂರುತ್ತವೆ; ‘ವಿವರ’ ಓಡುವಾಗ ಬಡ್ಡಿದರದಲ್ಲಿ ಒರೆಸಿದ ಸೊನ್ನೆಯೇ ಇರುತ್ತದೆ. ಸಿ ಶಾರ್ಪ್‌ನಲ್ಲಿ 4. ಅಲ್ಲಿ ಘೋಷಣೆಯ ಬೆಲೆಗಳು ಮರಿ ಕ್ಲಾಸಿನಿಂದ ಆರಂಭಿಸಿ ಮೇಲಕ್ಕೆ ಮೊದಲೇ ಕೂತುಬಿಡುತ್ತವೆ, ಆಮೇಲೆ ಕನ್‌ಸ್ಟ್ರಕ್ಟರುಗಳು ಮೇಲಿನಿಂದ ಕೆಳಗೆ ಓಡುತ್ತವೆ. ಸಿ++ನಲ್ಲಿ ಬಡ್ಡಿದರದ ಸುದ್ದಿಯೇ ಇಲ್ಲ: ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ಓಡುತ್ತಿರುವಷ್ಟು ಹೊತ್ತು ಆ ಆಬ್ಜೆಕ್ಟ್ ಬರೀ ಖಾತೆ, ಇನ್ನೂ ಉಳಿತಾಯ ಖಾತೆಯಲ್ಲ, ಹಾಗಾಗಿ ಮೂಲ ಕ್ಲಾಸಿನ ‘ವಿವರ’ವೇ ಓಡುತ್ತದೆ. ಪೈಥಾನ್‌ನಲ್ಲಿ ಮರಿ ಕ್ಲಾಸಿನ ‘ಇನಿಟ್’ ಮೊದಲು ಮೂಲದ ‘ಇನಿಟ್’ ಅನ್ನು ಕರೆದು ಆಮೇಲೆ ಬಡ್ಡಿದರ ಹಾಕುವಂತೆ ಬರೆದಿದ್ದರೆ, ಅಂಥ ಪ್ರಾಪರ್ಟಿಯೇ ಇಲ್ಲ ಎಂಬ ದೋಷ ಬಂದು ಪ್ರೋಗ್ರಾಂ ನಿಲ್ಲುತ್ತದೆ. ನಾಲ್ಕರಲ್ಲಿ ಹೆಚ್ಚು ಅಪಾಯದ್ದು ಜಾವಾದ ಉತ್ತರ. ಸೊನ್ನೆ ಬಡ್ಡಿ ನೋಡಲು ಸಹಜವಾಗಿಯೇ ಕಾಣುತ್ತದೆ. ಇದಕ್ಕೊಂದು ಉಪಕಥೆಯೂ ಇದೆ: ಬಡ್ಡಿದರವನ್ನು ‘ಫೈನಲ್’ ಎಂದು ಘೋಷಿಸಿ 4 ಬರೆದಿದ್ದರೆ ಜಾವಾ ಕಂಪೈಲರ್ ಅದನ್ನು ಸ್ಥಿರಾಂಕವೆಂದು ತಿಳಿದು ಬಳಸಿದ ಕಡೆಯಲ್ಲೆಲ್ಲ 4 ಎಂದೇ ಕೂರಿಸುತ್ತದೆ, ಉತ್ತರ ಸರಿಯಾಗಿಬಿಡುತ್ತದೆ. ಒಂದು ಪದ ಸೇರಿಸಿದ್ದಕ್ಕೆ ದೋಷ ಮಾಯವಾದದ್ದು ಏಕೆಂದು ತಲೆ ಕೆರೆದುಕೊಂಡವರು ಕಡಿಮೆಯೇನಲ್ಲ.

ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರಿನಿಂದ ಮರಿ ಕ್ಲಾಸಿನ ಮೆಥಡ್ ಕರೆಯುವುದೆಂದರೆ ತಳಪಾಯ ಹಾಕಿದ ದಿನವೇ ಮಹಡಿಯ ಮೇಲೆ ಗೃಹಪ್ರವೇಶ ಇಟ್ಟುಕೊಂಡಂತೆ. ಕರೆಯಬೇಡಿ ಎಂದು ಎಲ್ಲ ಪಠ್ಯಗಳೂ ಹೇಳುತ್ತವೆ, ಆದರೆ ಜಾವಾ ಕಂಪೈಲರ್ ತಡೆಯುವುದಿಲ್ಲ. ಆಪಲ್‌ನ ಸ್ವಿಫ್ಟ್ (2014) ಮಾತ್ರ ಇದನ್ನು ನಿಯಮವನ್ನಾಗಿಯೇ ಮಾಡಿತು. ಅಲ್ಲಿ ರಚನೆ ಎರಡು ಹಂತದ್ದು. ಮರಿ ಕ್ಲಾಸ್ ಮೊದಲು ತನ್ನ ಪ್ರಾಪರ್ಟಿಗಳನ್ನೆಲ್ಲ ತುಂಬಬೇಕು, ಆಮೇಲೆ ಮೂಲ ಕ್ಲಾಸಿನ ಇನಿಷಿಯಲೈಸರನ್ನು ಕರೆಯಬೇಕು. ಮೇಲಿನ ತುದಿಯವರೆಗೆ ಎಲ್ಲ ಬೆಲೆಗಳೂ ಕೂತ ಮೇಲಷ್ಟೇ ಮೆಥಡುಗಳನ್ನು ಕರೆಯಲು ಅವಕಾಶ. ಒಂದು ಪ್ರಾಪರ್ಟಿ ಬಿಟ್ಟುಹೋದರೂ ಕಂಪೈಲರ್ ಅಲ್ಲೇ ತಡೆಯುತ್ತದೆ. ಜಾವಾಕ್ಕೆ ಇದರ ಒಂದು ಅಂಶ ದಕ್ಕಲು 2025 ಬರಬೇಕಾಯಿತು. ಅಲ್ಲಿಯವರೆಗೆ ಕನ್‌ಸ್ಟ್ರಕ್ಟರಿನ ಮೊದಲ ಸಾಲು ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರಿಗೆ ಕರೆಯೇ ಆಗಿರಬೇಕಿತ್ತು. ಜಾವಾ 25ರಿಂದ ಅದಕ್ಕೂ ಮೊದಲು ಬೆಲೆಗಳನ್ನು ಪರೀಕ್ಷಿಸಬಹುದು, ತನ್ನ ಪ್ರಾಪರ್ಟಿಗಳಿಗೆ ಬೆಲೆ ಹಾಕಲೂಬಹುದು.

ಒಂದೇ ಕ್ಲಾಸಿನೊಳಗೂ ಕ್ರಮದ ತೊಡಕು ಉಂಟು. ಸಿ++ನಲ್ಲಿ ಕನ್‌ಸ್ಟ್ರಕ್ಟರಿನ ತಲೆಯ ಮೇಲೆ ಸದಸ್ಯಗಳ ಪಟ್ಟಿ ಬರೆದು ಬೆಲೆ ಕೊಡುತ್ತಾರೆ. ‘ಉದ್ದ’ಕ್ಕೆ 100, ‘ಜಾಗ’ಕ್ಕೆ ಉದ್ದದಷ್ಟು ಮೆಮೊರಿ ಎಂದು ಪಟ್ಟಿಯಲ್ಲಿ ಸರಿಯಾದ ಕ್ರಮದಲ್ಲೇ ಬರೆದರೂ, ಕ್ಲಾಸಿನಲ್ಲಿ ‘ಜಾಗ’ವನ್ನು ಮೊದಲು ಘೋಷಿಸಿದ್ದರೆ ಅದೇ ಮೊದಲು ತುಂಬಿಕೊಳ್ಳುತ್ತದೆ, ಆಗ ಉದ್ದದಲ್ಲಿರುವುದು ಗಾರ್ಬೇಜ್. ಪಟ್ಟಿಯ ಕ್ರಮಕ್ಕೆ ಬೆಲೆಯೇ ಇಲ್ಲ. ಇದು ಹಟದಂತೆ ಕಂಡರೂ ಕಾರಣವಿದೆ: ಸಿ++ ಆಬ್ಜೆಕ್ಟ್ ಅಳಿಯುವಾಗ ಸದಸ್ಯಗಳು ಹುಟ್ಟಿದ್ದರ ತಿರುಗುಮುರುಗಾಗಿ ಅಳಿಯಬೇಕು. ಕ್ಲಾಸಿಗೆ ಹತ್ತು ಕನ್‌ಸ್ಟ್ರಕ್ಟರುಗಳಿರಬಹುದು, ಡಿಸ್ಟ್ರಕ್ಟರ್ ಒಂದೇ. ಅದಕ್ಕೆ ಒಂದು ನಿಶ್ಚಿತ ಕ್ರಮ ಬೇಕು. ಹಾಗಾಗಿ ಘೋಷಣೆಯ ಕ್ರಮವೇ ಅಂತಿಮ. ಈಗಿನ ಕಂಪೈಲರುಗಳು ಎಚ್ಚರಿಕೆ ಕೊಡುತ್ತವೆ, ಎಚ್ಚರಿಕೆಗಳನ್ನು ಓದುವ ಅಭ್ಯಾಸ ಇರಬೇಕು ಅಷ್ಟೆ.

ಸ್ಥಾನದಿಂದಲೋ, ಹೆಸರಿನಿಂದಲೋ

ಸಿ ಪರಂಪರೆಯ ಭಾಷೆಗಳಲ್ಲಿ ಕನ್‌ಸ್ಟ್ರಕ್ಟರಿಗೆ ಕೊಡುವ ಬೆಲೆಗಳು ಸ್ಥಾನದ ಮೇಲೆ ನಿಂತಿವೆ. ಪ್ರಾಪರ್ಟಿಗಳು ಎರಡು ಮೂರಿದ್ದಾಗ ತೊಂದರೆಯಿಲ್ಲ. ಹೆಚ್ಚಾದಂತೆ ಹೀಗಾಗುತ್ತದೆ:

ಖಾತೆ(1042, "ಗಿರಿಜಾ", 500, ನಿಜ, ಸುಳ್ಳು, 0, ನಿಜ)

ಮೊದಲ ‘ನಿಜ’ ಎಸ್‌ಎಂಎಸ್ ಕಳಿಸುವುದಕ್ಕೋ, ಚೆಕ್ ಪುಸ್ತಕಕ್ಕೋ? ಅದಲು ಬದಲಾದರೆ ಎರಡೂ ಒಂದೇ ಪ್ರಕಾರದವು, ಕಂಪೈಲರಿಗೆ ಗೊತ್ತಾಗುವುದಿಲ್ಲ. ಇವುಗಳಲ್ಲಿ ಕೆಲವು ಐಚ್ಛಿಕವಾದರೆ ಎರಡು ಬೆಲೆಯ ಕನ್‌ಸ್ಟ್ರಕ್ಟರ್, ಮೂರರದ್ದು, ನಾಲ್ಕರದ್ದು ಎಂದು ಸಾಲು ಸಾಲು ಬರೆಯಬೇಕು. ಜಾವಾದವರು ಇದನ್ನು ‘ಟೆಲಿಸ್ಕೋಪಿಂಗ್ ಕನ್‌ಸ್ಟ್ರಕ್ಟರ್’ ಎನ್ನುತ್ತಾರೆ. ಅದೇ ಕರೆಯನ್ನು ಹೆಸರುಗಳ ಸಮೇತ ಬರೆದರೆ:

ಖಾತೆ(ಸಂಖ್ಯೆ: 1042, ಹೆಸರು: "ಗಿರಿಜಾ", ಶಿಲ್ಕು: 500, ಎಸ್‌ಎಂಎಸ್: ನಿಜ)

(ಜಾವಾ, ಪೈಥಾನ್ 3 ಮುಂತಾದ ಭಾಷೆಗಳು ಹೆಸರುಗಳಲ್ಲಿ ಯೂನಿಕೋಡ್ ಅಕ್ಷರಗಳನ್ನು ಒಪ್ಪುತ್ತವೆ. ಹಾಗಾಗಿ ಖಾತೆ, ಶಿಲ್ಕು ಎಂದು ಕನ್ನಡ ಲಿಪಿಯಲ್ಲೇ ಪ್ರಾಪರ್ಟಿಗಳಿಗೆ ಹೆಸರಿಡಬಹುದು, ಇಡುವವರು ವಿರಳ.)

ಹೆಸರು ಹೇಳಿ ಬೆಲೆ ಕೊಡುವ ಅನುಕೂಲ ಹೊಸದಲ್ಲ. 1988ರಲ್ಲಿ ವಿವರಣೆ ಹೊರಬಂದ ಕಾಮನ್ ಲಿಸ್ಪ್ ಆಬ್ಜೆಕ್ಟ್ ಸಿಸ್ಟಂನಲ್ಲಿ ಅದು ಪೂರ್ಣರೂಪದಲ್ಲೇ ಇತ್ತು: ಪ್ರತಿ ಪ್ರಾಪರ್ಟಿಗೂ ಹೊರಗಿನಿಂದ ಬೆಲೆ ಕೊಡುವ ಹೆಸರು, ಕೊಡದಿದ್ದರೆ ಲೆಕ್ಕ ಹಾಕುವ ಸೂತ್ರ, ಎಲ್ಲ ತುಂಬಿದ ಮೇಲೆ ಓಡಬೇಕಾದ ಕೋಡ್ ಎಲ್ಲವನ್ನೂ ಬೇರೆ ಬೇರೆಯಾಗಿ ಹೇಳಬಹುದಿತ್ತು. ಲಿಸ್ಪ್ ಆವರಣಚಿಹ್ನೆಗಳ ಭಯದಿಂದಲೋ ಏನೋ, ಉದ್ಯಮದ ಭಾಷೆಗಳು ಅತ್ತ ಬಹಳ ದಿನ ತಿರುಗಿ ನೋಡಲಿಲ್ಲ.

ಜಾವಾದಲ್ಲಿ ಹೆಸರಿನ ಆರ್ಗ್ಯುಮೆಂಟ್ ಇವತ್ತಿಗೂ ಇಲ್ಲ. ಆ ಕೊರತೆ ತುಂಬಲು ಜೋಶುವಾ ಬ್ಲಾಕ್ 2008ರಲ್ಲಿ ಬಂದ ‘ಎಫೆಕ್ಟಿವ್ ಜಾವಾ’ದ ಎರಡನೆಯ ಆವೃತ್ತಿಯಲ್ಲಿ ಬಿಲ್ಡರ್ ವಿನ್ಯಾಸವನ್ನು ಪ್ರಚುರಪಡಿಸಿದರು. ಬೆಲೆಗಳನ್ನು ಮೊದಲು ಬಿಲ್ಡರ್ ಎಂಬ ಸಹಾಯಕ ಆಬ್ಜೆಕ್ಟಿನಲ್ಲಿ ಒಂದೊಂದಾಗಿ, ಹೆಸರು ಹೇಳಿ ಸೇರಿಸುತ್ತ ಹೋಗಬೇಕು. ಕೊನೆಗೆ ‘ಬಿಲ್ಡ್’ ಎಂದಾಗ ಅದು ಎಲ್ಲವನ್ನೂ ಪರೀಕ್ಷಿಸಿ ನಿಜವಾದ ಆಬ್ಜೆಕ್ಟನ್ನು ಒಂದೇಟಿಗೆ ಮಾಡಿಕೊಡುತ್ತದೆ. ಅರೆ ತಯಾರಾಗಿರುವುದು ಬಿಲ್ಡರ್ ಮಾತ್ರ, ಖಾತೆಯಲ್ಲ. 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲೂ ಬಿಲ್ಡರ್ ಇದೆ, ಆದರೆ ಅದರ ಉದ್ದೇಶ ಬೇರೆ: ಒಂದೇ ರಚನಾಕ್ರಮದಿಂದ ಬೇರೆ ಬೇರೆ ರೂಪದ ಉತ್ಪನ್ನ ಪಡೆಯುವುದು. ಹೆಸರು ಒಂದೇ ಆದ್ದರಿಂದ ಸಂದರ್ಶನಗಳಲ್ಲಿ ಎರಡನ್ನೂ ಕಲಸಿಬಿಡುವವರಿದ್ದಾರೆ. ಬ್ಲಾಕ್ ಅವರ ಬಿಲ್ಡರ್ ಜಾಣ ಪರಿಹಾರವೇ ಹೌದು. ಆದರೆ ಭಾಷೆ ಕೊಡಬೇಕಾದ್ದನ್ನು ಬಳಸುವವರು ನೂರು ಸಾಲು ಬರೆದು ಪಡೆಯುವ ಪರಿಹಾರ. ಕಾಟ್ಲಿನ್‌ನಲ್ಲಿ ಹೆಸರಿನ ಆರ್ಗ್ಯುಮೆಂಟ್ ಮತ್ತು ಪೂರ್ವನಿಗದಿತ ಬೆಲೆ ಎರಡೂ ಇರುವುದರಿಂದ ಸಾಮಾನ್ಯ ಕ್ಲಾಸಿಗೆ ಬಿಲ್ಡರ್ ಅಷ್ಟಾಗಿ ಬೇಕಾಗುವುದಿಲ್ಲ. ಪಿಎಚ್‌ಪಿಗೆ ಹೆಸರಿನ ಆರ್ಗ್ಯುಮೆಂಟ್ 2020ರಲ್ಲಿ, 8.0 ಆವೃತ್ತಿಯಲ್ಲಿ ಬಂತು. ಅದೇ ಆವೃತ್ತಿಯಲ್ಲಿ ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರಿನಲ್ಲೇ ಪ್ರಾಪರ್ಟಿಯನ್ನು ಘೋಷಿಸುವ ಸೌಲಭ್ಯವೂ ಸೇರಿತು. ಅದಕ್ಕೂ ಮುಂಚೆ ಒಂದೊಂದು ಪ್ರಾಪರ್ಟಿಯ ಹೆಸರನ್ನೂ ನಾಲ್ಕು ಕಡೆ ಬರೆಯಬೇಕಾಗಿತ್ತು.

ಜಾವಾಸ್ಕ್ರಿಪ್ಟ್‌ನವರು ಪುಷ್ಪಾವರಣದೊಳಗೆ ಹೆಸರು–ಬೆಲೆ ಜೋಡಿಗಳನ್ನು ಬರೆದು ಕ್ಲಾಸಿನ ಗೊಡವೆಯೇ ಇಲ್ಲದೆ ಆಬ್ಜೆಕ್ಟ್ ಮಾಡುತ್ತಾರೆ. ಕಣ್ಣಿಗೆ ಇಷ್ಟು ಹಿತವಾದ ಬರವಣಿಗೆ ಬೇರೆ ಭಾಷೆಗಳಲ್ಲಿ ಕಡಿಮೆ. ‘ಶಿಲ್ಕು’ ಎಂದು ಬರೆಯುವಲ್ಲಿ ‘ಶಿಕ್ಲು’ ಎಂದು ಟೈಪ್ ಮಾಡಿದರೂ ಅದು ತುಟಿಪಿಟಕ್ಕೆನ್ನದೆ ಒಪ್ಪಿಕೊಳ್ಳುತ್ತದೆ ಎನ್ನುವುದು ಅದಕ್ಕೆ ತೆರಬೇಕಾದ ದಂಡ.

ಹುಟ್ಟಿದ ಮೇಲೆ ತುಂಬುವುದು

ಮೊದಲು ಖಾಲಿ ಆಬ್ಜೆಕ್ಟ್ ಮಾಡಿಕೊಂಡು, ಆಮೇಲೆ ಒಂದೊಂದೇ ಪ್ರಾಪರ್ಟಿಗೆ ಬೆಲೆ ಹಾಕುವ ಪದ್ಧತಿ ಬೇರೂರಿದ್ದು ಪರದೆ ವಿನ್ಯಾಸದ ಸಲಕರಣೆಗಳಿಂದ. 1991ರಲ್ಲಿ ಬಂದ ವಿಷುವಲ್ ಬೇಸಿಕ್‌ನಲ್ಲಿ ಬಟನ್ ಒಂದನ್ನು ಎಳೆದು ಫಾರ್ಮಿನ ಮೇಲೆ ಬಿಟ್ಟರೆ ಅದರ ಬಣ್ಣ, ಅಗಲ, ಶೀರ್ಷಿಕೆ ಎಲ್ಲ ತಿದ್ದಬಹುದಿತ್ತು. ಆ ಸಲಕರಣೆಗೆ ಬಟನ್ನಿನ ಕನ್‌ಸ್ಟ್ರಕ್ಟರಿನ ಬಗ್ಗೆ ಏನೂ ತಿಳಿಯಬೇಕಿಲ್ಲ. ಹೆಸರು ಹೇಳಿ ಬೆಲೆ ಹಾಕಲು ಬಂದರೆ ಸಾಕು. 1995ರ ಡೆಲ್ಫಿ ಇದನ್ನು ಇನ್ನಷ್ಟು ಶಾಸ್ತ್ರೀಯಗೊಳಿಸಿತು: ಫಾರ್ಮಿನ ಪ್ರಾಪರ್ಟಿಗಳೆಲ್ಲ ಕಡತವೊಂದರಲ್ಲಿ ಕೂತಿರುತ್ತವೆ, ಪ್ರೋಗ್ರಾಂ ಓಡುವಾಗ ಕನ್‌ಸ್ಟ್ರಕ್ಟರ್ ಮುಗಿದ ಬಳಿಕ ಅವು ಒಂದೊಂದಾಗಿ ಒಳಗೆ ಹರಿದು ಬರುತ್ತವೆ, ಎಲ್ಲ ಬಂದಾದ ಮೇಲೆ ‘ಲೋಡೆಡ್’ ಎಂಬ ಮೆಥಡ್ ಓಡುತ್ತದೆ. ಒಂದು ಪ್ರಾಪರ್ಟಿಯ ಬೆಲೆ ಇನ್ನೊಂದನ್ನು ಅವಲಂಬಿಸಿದಾಗ ಯಾವುದು ಮೊದಲು ಬಂದೀತು ಎಂಬ ಚಿಂತೆಗೆ ಆ ಮೆಥಡ್ ಉತ್ತರ. ಜಾವಾಬೀನ್ಸ್ ನಿಯಮಾವಳಿಯೂ ಇಂಥ ಸಲಕರಣೆಗಳಿಗಾಗಿಯೇ ಹುಟ್ಟಿದ್ದು. ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್, ಜೊತೆಗೆ ಗೆಟ್–ಸೆಟ್ ಜೋಡಿ ಎಂಬ ಅದರ ರೂಢಿ ಪರದೆಯ ಸಂಬಂಧವೇ ಇಲ್ಲದ ಕ್ಲಾಸುಗಳಿಗೂ ಹಬ್ಬಿತು. ಶಿಲ್ಕಿಗೂ ಒಂದು ‘ಸೆಟ್’ ಬರೆದಿಟ್ಟರೆ ಖಾತೆಯ ಷರತ್ತನ್ನು ಯಾರು ಬೇಕಾದರೂ ಮುರಿಯಬಹುದು ಎಂಬುದನ್ನು ಒಂದಿಡೀ ಪೀಳಿಗೆ ಮರೆತೇ ಕೋಡ್ ಬರೆಯಿತು.

ಡೆಲ್ಫಿಯ ಮುಖ್ಯ ಶಿಲ್ಪಿ ಆಂಡರ್ಸ್ ಹೈಲ್ಸ್‌ಬರ್ಗ್ ಮುಂದೆ ಮೈಕ್ರೋಸಾಫ್ಟ್ ಸೇರಿ ಸಿ ಶಾರ್ಪ್ ರೂಪಿಸಿದರು. 2007ರಲ್ಲಿ ಬಂದ ಅದರ 3.0 ಆವೃತ್ತಿ ಆಬ್ಜೆಕ್ಟ್ ಇನಿಷಿಯಲೈಸರ್ ತಂದಿತು: ಕನ್‌ಸ್ಟ್ರಕ್ಟರ್ ಕರೆದ ಕೂಡಲೇ ಪುಷ್ಪಾವರಣ ತೆರೆದು ‘ಹೆಸರು = "ಗಿರಿಜಾ", ಶಿಲ್ಕು = 500’ ಎಂದು ಬರೆಯಬಹುದು. ಅದೇ ಆವೃತ್ತಿಯಲ್ಲಿ ಬಂದ ಲಿಂಕ್ ಎಂಬ ಪ್ರಶ್ನಾಭಾಷೆಗೆ ಇದು ಅಗತ್ಯವಾಗಿತ್ತು. ಪ್ರಶ್ನೆಯ ನಡುವೆ ಒಂದೇ ಅಭಿವ್ಯಕ್ತಿಯಲ್ಲಿ ಆಬ್ಜೆಕ್ಟ್ ಮಾಡಿ ಕೊಡಬೇಕು, ನಾಲ್ಕು ಸಾಲಿಗೆ ಅಲ್ಲಿ ಎಡೆಯಿಲ್ಲ. ಕಂಪೈಲರ್ ಇದನ್ನು ಬಿಡಿಸುವ ಬಗೆ ಗಮನಿಸಬೇಕಾದ್ದು. ಹೊಸ ಆಬ್ಜೆಕ್ಟನ್ನು ಮೊದಲು ಹೆಸರಿಲ್ಲದ ತಾತ್ಕಾಲಿಕ ಚರದಲ್ಲಿ ಇಟ್ಟುಕೊಂಡು, ಎಲ್ಲ ಪ್ರಾಪರ್ಟಿಗಳನ್ನೂ ತುಂಬಿ, ಕೊನೆಗೆ ಮಾತ್ರ ನೀವು ಹೇಳಿದ ಚರಕ್ಕೆ ಕೊಡುತ್ತದೆ. ನಡುವೆ ಯಾವುದಾದರೂ ಬೆಲೆಯ ಲೆಕ್ಕದಲ್ಲಿ ಎಕ್ಸೆಪ್ಷನ್ ಬಂದರೆ ನಿಮ್ಮ ಚರದಲ್ಲಿ ಹಳೆಯದೇ ಉಳಿಯುತ್ತದೆ, ಅರ್ಧ ತುಂಬಿದ ಖಾತೆ ಅಲ್ಲಿ ಬಂದು ಕೂರುವುದಿಲ್ಲ. ಇಷ್ಟಾದರೂ ಒಂದು ಕೊರತೆ ಉಳಿಯಿತು: ಇನಿಷಿಯಲೈಸರಿನಿಂದ ಬೆಲೆ ಹಾಕಬೇಕಾದರೆ ಪ್ರಾಪರ್ಟಿಗೆ ಸಾರ್ವಜನಿಕ ‘ಸೆಟ್’ ಇರಬೇಕು, ಇದ್ದರೆ ಆಮೇಲೂ ಬದಲಾಯಿಸಬಹುದು. 2020ರಲ್ಲಿ ಸಿ ಶಾರ್ಪ್ 9 ‘ಇನಿಟ್’ ತಂದು ಅದನ್ನು ತೀರಿಸಿತು. ಬೆಲೆ ಹಾಕಲು ರಚನೆಯ ಹೊತ್ತಿನಲ್ಲಿ ಮಾತ್ರ ಅವಕಾಶ. ಯಾವುದನ್ನು ಬಿಡಲೇಕೂಡದು ಎಂದು ಹೇಳುವ ‘ರಿಕ್ವೈರ್ಡ್’ 2022ರ 11ನೇ ಆವೃತ್ತಿಯದು. ಹೆಸರಿನ ಅನುಕೂಲವೂ ಕನ್‌ಸ್ಟ್ರಕ್ಟರಿನ ಭರವಸೆಯೂ ಒಟ್ಟಿಗೆ ಸೇರಲು ಹೀಗೆ ಹದಿನೈದು ವರ್ಷ ಹಿಡಿಯಿತು.

ಯಾವುದನ್ನು ಕಡ್ಡಾಯ ಮಾಡಬೇಕು ಎಂಬುದು ಭಾಷೆಯ ಪ್ರಶ್ನೆ ಮಾತ್ರವಲ್ಲ. ‘ಕೊನೆಯ ಹೆಸರು’ ಎಂಬ ಪ್ರಾಪರ್ಟಿಯನ್ನು ಕಡ್ಡಾಯವೆಂದು ಎಷ್ಟೋ ತಂತ್ರಾಂಶಗಳು ಸಾರಾಸಗಟಾಗಿ ಘೋಷಿಸುತ್ತವೆ. ಕರ್ನಾಟಕದಲ್ಲಿ ಇನಿಷಿಯಲ್ ಮತ್ತು ಒಂದೇ ಹೆಸರು ಇರುವವರು ಲೆಕ್ಕವಿಲ್ಲದಷ್ಟು ಜನ. ಅವರು ಆ ಜಾಗಕ್ಕೆ ಇನಿಷಿಯಲ್ಲನ್ನೋ, ತಂದೆಯ ಹೆಸರನ್ನೋ, ಬರೀ ಒಂದು ಚುಕ್ಕೆಯನ್ನೋ ತುಂಬುತ್ತಾರೆ. ಕಂಪೈಲರಿನ ಲೆಕ್ಕದಲ್ಲಿ ಆಬ್ಜೆಕ್ಟ್ ಪರಿಪೂರ್ಣ.

ರಚನೆಯ ಹೊತ್ತಿನಲ್ಲೇ ತುಂಬಬೇಕೋ, ಆಮೇಲೋ ಎಂಬ ವಾದ ದೊಡ್ಡ ಪ್ರಮಾಣದಲ್ಲಿ ‘ಡಿಪೆಂಡೆನ್ಸಿ ಇಂಜೆಕ್ಷನ್’ ಚರ್ಚೆಯಾಗಿ ಮರುಕಳಿಸಿತು. ಮಾರ್ಟಿನ್ ಫೌಲರ್ 2004ರ ಪ್ರಬಂಧದಲ್ಲಿ ಕನ್‌ಸ್ಟ್ರಕ್ಟರ್ ಮೂಲಕ ಮತ್ತು ಸೆಟರ್ ಮೂಲಕ ಅವಲಂಬನೆಗಳನ್ನು ಒದಗಿಸುವ ವಿಧಾನಗಳನ್ನು ತೂಗಿ ನೋಡಿದರು. ಆಗ ಸೆಟರ್ ಕಡೆ ವಾಲಿದ್ದ ಸ್ಪ್ರಿಂಗ್ ಫ್ರೇಮ್‌ವರ್ಕಿನ ಕೈಪಿಡಿ ಇಂದು ಕಡ್ಡಾಯ ಅವಲಂಬನೆಗಳಿಗೆ ಕನ್‌ಸ್ಟ್ರಕ್ಟರನ್ನೇ ಶಿಫಾರಸು ಮಾಡುತ್ತದೆ.

ಪೈಥಾನ್‌ನ ಹಂಚಿಕೆಯಾದ ಪಟ್ಟಿ

ಪೈಥಾನ್‌ನಲ್ಲಿ ಆಬ್ಜೆಕ್ಟ್ ಮಾಡುವುದು ‘ನ್ಯೂ’, ತುಂಬುವುದು ‘ಇನಿಟ್’; ಎರಡರ ಹೆಸರಿಗೂ ಹಿಂದೆ ಮುಂದೆ ಜೋಡಿ ಅಡಿಗೆರೆಗಳಿರುತ್ತವೆ. ಬಹುತೇಕರು ಬರೆಯುವುದು ಎರಡನೆಯದನ್ನು ಮಾತ್ರ. ಹೆಸರಿನ ಆರ್ಗ್ಯುಮೆಂಟೂ ಪೂರ್ವನಿಗದಿತ ಬೆಲೆಯೂ ಸಲೀಸು. ಹೊಸಬರು ಎಡವುವುದು ಒಂದೇ ಕಡೆ. ಖಾತೆಯ ವ್ಯವಹಾರಗಳನ್ನು ಇಡಲು ‘ವ್ಯವಹಾರಗಳು = []’ ಎಂದು ಪ್ಯಾರಾಮೀಟರಿಗೆ ಖಾಲಿ ಪಟ್ಟಿಯನ್ನು ಪೂರ್ವನಿಗದಿ ಮಾಡುತ್ತಾರೆ. ಆ ಖಾಲಿ ಪಟ್ಟಿ ಹುಟ್ಟುವುದು ಪ್ರತಿ ಖಾತೆಗೂ ಒಂದೊಂದಲ್ಲ. ಫಂಕ್ಷನ್ನಿನ ವ್ಯಾಖ್ಯೆಯನ್ನು ಪೈಥಾನ್ ಓದಿದಾಗ, ಒಂದೇ ಒಂದು ಸಲ. ಪಟ್ಟಿ ಕೊಡದೆ ಮಾಡಿದ ಖಾತೆಗಳೆಲ್ಲ ಅದೊಂದನ್ನೇ ಹಂಚಿಕೊಳ್ಳುತ್ತವೆ. ಗಿರಿಜಾ 200 ರೂಪಾಯಿ ಜಮಾ ಮಾಡಿದರೆ ಬಸವರಾಜನ ಪಾಸ್‌ಬುಕ್ಕಿನಲ್ಲೂ ಅದು ಕಾಣುತ್ತದೆ. ‘ನನ್’ ಎಂದು ಪೂರ್ವನಿಗದಿ ಮಾಡಿ, ಒಳಗೆ ಹೊಸ ಪಟ್ಟಿ ಮಾಡಿಕೊಳ್ಳುವುದು ರೂಢಿಯ ಪರಿಹಾರ. 2018ರಲ್ಲಿ ಪೈಥಾನ್ 3.7ರ ಜೊತೆ ಬಂದ ಡೇಟಾಕ್ಲಾಸ್ ಸೌಲಭ್ಯ ಪ್ರಾಪರ್ಟಿಗಳ ಪಟ್ಟಿ ನೋಡಿ ‘ಇನಿಟ್’ ಅನ್ನು ತಾನೇ ಬರೆದುಕೊಡುತ್ತದೆ. ಖಾಲಿ ಪಟ್ಟಿಯನ್ನು ಪೂರ್ವನಿಗದಿ ಮಾಡಹೊರಟರೆ ದೋಷವೆಂದು ನಿರಾಕರಿಸಿ, ಪ್ರತಿ ಸಲ ಹೊಸದನ್ನು ಮಾಡಿಕೊಡುವ ಫಂಕ್ಷನ್ ಕೇಳುತ್ತದೆ.

ಹಿಂಬಾಗಿಲು

ಕನ್‌ಸ್ಟ್ರಕ್ಟರ್ ಎಷ್ಟೇ ಭದ್ರವಾಗಿದ್ದರೂ ಅದನ್ನು ಬಳಸಿ ಹೋಗುವ ದಾರಿಗಳಿವೆ. ಡೇಟಾಬೇಸಿನ ಸಾಲನ್ನು ಆಬ್ಜೆಕ್ಟ್ ಮಾಡಿಕೊಡುವ ಹೈಬರ್ನೇಟ್‌ನಂಥ ಸಲಕರಣೆಗಳು ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇರಲೇಬೇಕೆನ್ನುತ್ತವೆ, ಬೆಲೆಗಳನ್ನು ಆಮೇಲೆ ತಾವೇ ತುಂಬುತ್ತವೆ. ಪಿಎಚ್‌ಪಿಯ ಪಿಡಿಒ ಗ್ರಂಥಾಲಯ ಇನ್ನೂ ವಿಚಿತ್ರ: ಸಾಲನ್ನು ಕ್ಲಾಸಿಗೆ ಇಳಿಸುವಾಗ ಪೂರ್ವನಿಗದಿತ ರೀತಿಯಲ್ಲಿ ಅದು ಪ್ರಾಪರ್ಟಿಗಳನ್ನು ಮೊದಲು ತುಂಬಿ, ಕನ್‌ಸ್ಟ್ರಕ್ಟರನ್ನು ಆಮೇಲೆ ಕರೆಯುತ್ತದೆ. ಕನ್‌ಸ್ಟ್ರಕ್ಟರಿನಲ್ಲಿ ಶಿಲ್ಕಿಗೆ ಸೊನ್ನೆ ಹಾಕಿದ್ದರೆ ಡೇಟಾಬೇಸಿನಿಂದ ಬಂದ ಹಣ ಅಳಿಸಿಹೋಗುತ್ತದೆ. ಕ್ರಮ ಬದಲಿಸಲು ಬೇರೆ ಸೂಚನೆ ಕೊಡಬೇಕು.

ಥ್ರೆಡ್ಡುಗಳದ್ದು ಇನ್ನೊಂದು ಬಗೆ. ಒಂದು ಥ್ರೆಡ್ ಖಾತೆಯನ್ನು ಪೂರ್ತಿ ಕಟ್ಟಿ ಮುಗಿಸಿದ್ದರೂ, ಸರಿಯಾದ ಹೊಂದಾಣಿಕೆ ಇಲ್ಲದಿದ್ದರೆ, ಮತ್ತೊಂದು ಥ್ರೆಡ್ಡಿಗೆ ಅದರ ಪ್ರಾಪರ್ಟಿಗಳು ಇನ್ನೂ ಖಾಲಿಯಾಗಿ ಕಾಣಬಹುದು. ಪ್ರೊಸೆಸರ್ ಮತ್ತು ಕಂಪೈಲರ್ ಎರಡೂ ಬರೆಯುವ ಕ್ರಮವನ್ನು ಹಿಂದೆ ಮುಂದೆ ಮಾಡುತ್ತವೆ. 2004ರ ಜಾವಾ 5ರಲ್ಲಿ ಪರಿಷ್ಕೃತವಾದ ಮೆಮೊರಿ ನಿಯಮಗಳ ಪ್ರಕಾರ ‘ಫೈನಲ್’ ಪ್ರಾಪರ್ಟಿಗಳಿಗೆ ಈ ಭಯವಿಲ್ಲ. ಷರತ್ತು ಒಂದೇ: ಕನ್‌ಸ್ಟ್ರಕ್ಟರ್ ಮುಗಿಯುವ ಮೊದಲೇ ಆಬ್ಜೆಕ್ಟ್ ತನ್ನ ವಿಳಾಸವನ್ನು ಹೊರಗೆ ಯಾರಿಗೂ ಕೊಟ್ಟಿರಬಾರದು. ಘಟನೆಗಳ ಕೇಳುಗನಾಗಿ ತನ್ನನ್ನೇ ನೋಂದಾಯಿಸಿಕೊಳ್ಳುವ ಸಾಲನ್ನು ಕನ್‌ಸ್ಟ್ರಕ್ಟರಿನಲ್ಲೇ ಬರೆಯುವುದು ಈ ಷರತ್ತು ಮುರಿಯುವ ಅತಿ ಸಾಮಾನ್ಯ ರೀತಿ.

ಜಾವಾದ ಹಳೆಯ ಸೀರಿಯಲೈಸೇಷನ್ ವ್ಯವಸ್ಥೆಯಂತೂ ಕಡತದಿಂದ ಆಬ್ಜೆಕ್ಟನ್ನು ಮರಳಿ ಕಟ್ಟುವಾಗ ಆ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಮುಟ್ಟುವುದೇ ಇಲ್ಲ. ಅಲ್ಲಿ ಬರೆದ ಪರೀಕ್ಷೆಗಳೆಲ್ಲ ವ್ಯರ್ಥ. ಕಡತವನ್ನು ತಿದ್ದಿದವರು ಶಿಲ್ಕನ್ನು ಮೈನಸ್ ಮಾಡಿ ಒಳಗೆ ಕಳಿಸಬಹುದು. 2021ರ ಮಾರ್ಚಿನಲ್ಲಿ ಜಾವಾ 16ರೊಂದಿಗೆ ಪಕ್ಕಾ ಆದ ರೆಕಾರ್ಡುಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ರೆಕಾರ್ಡಿನ ಪ್ರಾಪರ್ಟಿಗಳೆಲ್ಲ ಅದರ ತಲೆಯ ಸಾಲಿನಲ್ಲೇ ಇರುತ್ತವೆ, ಎಲ್ಲವೂ ‘ಫೈನಲ್’, ಅವನ್ನು ತುಂಬುವ ಮುಖ್ಯ ಕನ್‌ಸ್ಟ್ರಕ್ಟರ್ ಒಂದೇ. ಕಡತದಿಂದ ಮರಳಿ ಬರುವಾಗಲೂ ರೆಕಾರ್ಡ್ ಆ ಕನ್‌ಸ್ಟ್ರಕ್ಟರನ್ನು ದಾಟಿಯೇ ಬರಬೇಕು. ಶಿಲ್ಕು ಮೈನಸ್ ಇದ್ದರೆ ತಿರಸ್ಕರಿಸುವಂತೆ ಅಲ್ಲಿ ಬರೆದಿದ್ದರೆ, ತಿದ್ದಿದ ಕಡತಕ್ಕೂ ಅದೇ ತಿರಸ್ಕಾರ.